ಹಿಂದಿನಿಂದ ಕರೆಯಬಾರದು

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಕೋಟದ ಕೃಷ್ಣಯ್ಯನವರ ಮಗ ವೈಕುಂಠ ಮದ್ರಾಸಿನಿಂದ ಬಿ.ಕಾಂ. ಪಾಸು ಮಾಡಿ ಬಂದ. ಕಾಮರ್ಸು ಎಂದರೆ ಅಂಗಡಿ ಲೆಕ್ಕ ಎಂದು ಯಾರೋ ಪುಣ್ಯಾತ್ಮರು ಹೇಳಿಬಿಟ್ಟರು ನೋಡಿ, ದೇವಸ್ಥಾನದ ಪೂಜೆ ಮಾಡಿಕೊಂಡಿದ್ದ ಕೃಷ್ಣಯ್ಯನವರಿಗೆ ಮೈಯೆಲ್ಲ ಉರಿದುಹೋಯಿತು. ಇನ್ನೆರಡು ವರ್ಷ ಮದ್ರಾಸಿನಲ್ಲೇ ಲಾ ಓದಲಿ, ಕಪ್ಪು ಕೋಟು ಹಾಕಿಕೊಂಡು ಕುಂದಾಪುರದ ಕೋರ್ಟಿಗೆ ಬರಲಿ ಎಂದು ಪಟ್ಟು ಹಿಡಿದರು. ದೇವಸ್ಥಾನದ ಗದ್ದೆಯ ವ್ಯಾಜ್ಯಕ್ಕೆ ಹೋಗಿ, ವಕೀಲರು ಕಣ್ಣೆತ್ತಿ ನೋಡುವವರೆಗೆ ಅದೇ ಕೋರ್ಟಿನ ಜಗಲಿಯಲ್ಲಿ ಕೈಕಟ್ಟಿ ನಿಂತವರು ಅವರು. ಆ ಅವಮಾನ ಹೊಟ್ಟೆಯಲ್ಲೇ ಕೂತಿತ್ತು.

ವೈಕುಂಠನಿಗೆ ಬೇಕಾದದ್ದು ಬೊಂಬಾಯಿಯ ಎಂ.ಕಾಂ.

"ಅಪ್ಪಯ್ಯ, ನಂಗೆ ವಾದ ಮಾಡೂಕ್ ಬತ್ತಿಲ್ಲ. ನಾಲ್ಕ್ ಜನ ಕಂಡ್ರೆ ನಾಲ್ಗಿ ಏಳ್ತಿಲ್ಲ. ಬ್ಯಾಂಕು, ವ್ಯಾಪಾರ ಹ್ಯಾಂಗ್ ನಡಿತ್ತ್ ಅಂಬುದ್ ಕಲಿಕ್."

"ಬೊಂಬಾಯಿಗ್ ಹೋದವ್ರೆಲ್ಲ ಹೋಟ್ಲ್ ಇಡೂಕ್ ಹೋದ್ದ್. ನಿಂಗೆ ಎಂತ ಕಲಿಯೂಕಿತ್ತ್ ಅಲ್ಲಿ?"

"ಮಾಣಿ ಮುಖ ಒಂದ್ಸಲ ಕಾಣಿ," ಎಂದರು ಹೆಂಡತಿ ಪದ್ಮಾಕ್ಷಮ್ಮ. ಕಂಡರೆ ತಾನೇ! ಹಠ ಎಂದರೆ ಕೃಷ್ಣಯ್ಯನವರದು. ಊಟ ಬಿಟ್ಟು ಕೂತರು. ಕೊನೆಗೆ ಮಗನೇ "ಆಯ್ತ್" ಎಂದ.

ಹೊರಡುವ ದಿನ ಅಪ್ಪ ಮಗ ಬಸ್ಸಿನಲ್ಲಿ ಮಾಬುಕಳದ ಹೊಳೆಯವರೆಗೆ ಬಂದರು. ಹೊಳೆ ದಾಟಿದರೆ ಆಚೆ ದಡದಲ್ಲಿ ಬ್ರಹ್ಮಾವರದ ಕಡೆಯ ಬಸ್ಸು. ಹುಡುಗ ಕಾಲಿಗೆ ಬಿದ್ದು ದೋಣಿ ಹತ್ತಿದ, ಈಚೆ ದಡಕ್ಕೆ ಮುಖ ಮಾಡಿ ಪೆಟ್ಟಿಗೆಯ ಮೇಲೆ ಕೂತ. ದೋಣಿ ಹೊರಟದ್ದೇ ಕೃಷ್ಣಯ್ಯನವರ ಹಠವೆಲ್ಲ ಇಳಿದುಹೋಯಿತು. ಹಾಳಾಗಲಿ ಕೋರ್ಟು, ಬೊಂಬಾಯಿಗೇ ಹೋಗು ಎನ್ನಬೇಕೆಂದು ಬಾಯಿ ತೆರೆದರು.

ತೆರೆದ ಬಾಯಿ ಹಾಗೇ ಮುಚ್ಚಿತು. ಹೊರಟವರನ್ನು ಹಿಂದಿನಿಂದ ಕರೆಯುವುದುಂಟೇ? ಮರೆತು ಕರೆದದ್ದಕ್ಕೆ ಹೆಂಡತಿಯನ್ನು ಎಷ್ಟು ಸಲ ಬೈದಿದ್ದರು, ಹೊರಟವರನ್ನು ಮತ್ತೆ ಒಳಗೆ ಕೂರಿಸಿ ನೀರು ಕುಡಿಸಿ ಕಳಿಸಿದ್ದರು. ನಡುಹೊಳೆಯಲ್ಲಿರುವ ಮಗನನ್ನು ತಾನೇ ಕರೆದು ಅಪಶಕುನ ಮಾಡುವುದೇ? ಕಾಗದ ಬರೆದರಾಯಿತು ಎಂದುಕೊಂಡರು. ಮನೆಗೆ ಬಂದ ಮೇಲೆ ಮತ್ತೆ ಹಠ ತಲೆಯೆತ್ತಿತು, ಕಾಗದ ಬರೆಯಲೇ ಇಲ್ಲ.

ಎರಡು ವರ್ಷ ಕಳೆದು ಕಪ್ಪು ಕೋಟು ಬಂತು. ವ್ಯಾಜ್ಯ ಇನ್ನೂ ಮುಗಿದಿರಲಿಲ್ಲ. ಗದ್ದೆಯ ಪರವಾಗಿ ಮಾತಾಡಲು ವೈಕುಂಠ ಎದ್ದು ನಿಂತ, ನಿಂತೇ ಇದ್ದ. ಎದುರು ಪಕ್ಷದವರು ಮುಸಿಮುಸಿ ನಕ್ಕರು. ಹಿಂದಿನ ಬೆಂಚಿನಲ್ಲಿದ್ದ ಕೃಷ್ಣಯ್ಯನವರು ತಲೆ ತಗ್ಗಿಸಿದರು. ಮಗನ ಮೇಲೆ ಸಿಟ್ಟು ಬರಲಿಲ್ಲ, ತಮ್ಮ ಮೇಲೇ ಅಸಹ್ಯ ಬಂತು.

ಹೊರಗೆ ಬಸ್ಸಿಗೆ ಕಾಯುವಾಗ ಹೇಳಿದರು:

"ಆವತ್ತ್ ಮಾಬುಕಳದಲ್ಲಿ ನಿನ್ನ ಕರೂಕ್ ಹೊರಟಿದ್ದೆ, ಮಾಣಿ. ಬೊಂಬಾಯಿಗೇ ಹೋಗ್ ಅಂಬೂಕೆ."

"ಗೊತ್ತಿತ್ತ್. ನೀವ್ ಬಾಯಿ ತೆಗ್ದದ್ ಕಂಡಿದ್ದೆ. ಕರೀತ್ರಿ ಅಂದ್ಕಂಡ್ ಆಚಿ ದಡದ ವರೆಗೂ ಕಾದೆ."

"ಹಿಂದಿಂದ ಕರೂಕಾಗ ಅಲ್ದಾ..."

ವೈಕುಂಠ ಕೋಟನ್ನು ಬಿಚ್ಚಿ ಮಡಚಿ ಕೈಮೇಲೆ ಹಾಕಿಕೊಂಡ.

"ಹಿಂದಿಂದ ಎಲ್ಲಿ ಅಪ್ಪಯ್ಯ? ನಾನ್ ನಿಮ್ ಬದಿಗೇ ಮುಖ ಮಾಡಿ ಕೂತಿದ್ದೆ."