ಉಂಡಾಳ ಅಂದೆ, ಉಂಡಿರಲಿಲ್ಲ

ನಮ್ಮೂರು ಶಿಗ್ಲಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕಲು ಹೊರಟರೆ ಮೂರು ಜೋಡು ಚಪ್ಪಲಿ ಸವೆಯುತ್ತವೆ. ನಾನು ಅಂದಪ್ಪ. ನಮ್ಮ ಎಮ್ಮೆ ಹಾಲಿಗೆ ಊರಿನ ಕೊಡಗಳು ಸಾಲುವುದಿಲ್ಲ ಎಂದು ಹೇಳಿ ಸಂತೆಯನ್ನೇ ನಗಿಸಿದವನು.

ಹೋದ ಶ್ರಾವಣದಲ್ಲಿ ನನ್ನ ಹೆಂಡತಿ ಸಿದ್ದಲಿಂಗವ್ವನ ಕಾಲಿನ ಹುಣ್ಣು ಮಾಯಲಿಲ್ಲ. ಗದಗಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಪಕ್ಕದ ಮಂಚದ ಅಜ್ಜಿಯನ್ನು ನೋಡಿಕೊಳ್ಳಲು ಆಕೆಯ ಸೊಸೆ ಹಾಜಿರಾಬಿ ಇದ್ದಳು. ಸಿಸ್ಟರ್ ಬಂದಾಗಲೆಲ್ಲ, "ಯಾವ ಔಷಧ? ಎಷ್ಟು? ಯಾತಕ್ಕ?" ಎಂದು ಕೇಳುತ್ತಿದ್ದಳು.

"ಏನ ತಂಗಿ, ಡಾಕ್ಟರ್ ಪರೀಕ್ಷಾಕ್ಕ ಕುಂಡ್ರಾಕಿ ಏನು?" ಎಂದು ಚೇಷ್ಟೆ ಮಾಡಿದೆ.

"ನಗ್ರಿ ಅಣ್ಣಾ. ಇನ್ಸುಲಿನ್ ಹುಡುಗಾಟಲ್ಲ. ಖಾಲಿ ಹೊಟ್ಟಿಗೆ ಬಿತ್ತಂದ್ರ ಸಕ್ಕರಿ ಇಳದು ಜೀವಕ್ಕ ಬರತೈತಿ."

"ನನಗ ಹೇಳ್ತಿ? ಡಾಕ್ಟರೇ ನನ್ನ ಕೇಳಿ ಚೀಟಿ ಬರೀತಾರ!"

ಸೋಮವಾರ ಸಿದ್ದಲಿಂಗವ್ವ ಬುತ್ತಿ ಗಂಟು ಬಿಚ್ಚಲಿಲ್ಲ.

"ವಾರ ಐತ್ರಿ, ಉಪಾಸ ಅದೀನಿ. ಸಂಜೀಕ ಉಣ್ತೀನಿ. ಸಿಸ್ಟರ್‌ಗೆ ಹೇಳಬ್ಯಾಡ್ರಿ, ಬೈತಾರ."

ಮಧ್ಯಾಹ್ನ ಹಾಜಿರಾಬಿ ರಕ್ತದ ವರದಿ ತರಲು ಹೋಗಿದ್ದಳು. ಶೈಲಾ ಸಿಸ್ಟರ್ ಸೂಜಿ ಹಿಡಿದು ಬಂದರು. ಅಂದು ಇಡೀ ವಾರ್ಡಿಗೆ ಅವರೊಬ್ಬರೇ.

"ಊಟ ಆತೇನ್ರಿ?" ಎಂದು ನನ್ನನ್ನು ಕೇಳಿದರು.

"ಆತಂದ್ರ? ನಾಕು ಕಟಕ ರೊಟ್ಟಿ, ಎಣ್ಣಿಗಾಯಿ ಪಲ್ಯ, ಮ್ಯಾಲೊಂದು ತಂಬಿಗಿ ಮಜ್ಜಿಗಿ! ತಾಟು ಸೈತ ನೆಕ್ಯಾಳ್ರಿ!"

ಸಿಸ್ಟರ್ ನಕ್ಕರು. ಬೆರಳು ಚುಚ್ಚಿ ಸಕ್ಕರೆ ನೋಡಲಿಲ್ಲ. ಸಿದ್ದಲಿಂಗವ್ವನನ್ನು ಕೇಳಲಿಲ್ಲ. ಇನ್ಸುಲಿನ್ ಕೊಟ್ಟು ಮುಂದಿನ ಮಂಚಕ್ಕೆ ಹೋದರು.

ತಾಸಿನಲ್ಲಿ ಅವಳು ಬೆವರಿ ತೊಯ್ದಳು. ಕೈ ನಡುಗಿತು. ನನ್ನನ್ನು ನೋಡಿ, "ನೀವ್ಯಾರ್ರಿ?" ಎಂದಳು. ನನ್ನಂತೆ ಇವಳೂ ಚೇಷ್ಟೆ ಕಲಿತಳೆಂದು ನಕ್ಕೆ. ಕಣ್ಣು ಮುಚ್ಚಿದಳು. ನಿದ್ದೆ ಬಂತೆಂದು ಚಾದರ ಹೊದಿಸಿ, ವರಾಂಡದಲ್ಲಿ ಮಂದಿಗೆ ಎಮ್ಮೆಯ ಕಥೆ ಹೇಳುತ್ತ ಕುಳಿತೆ. ಎಷ್ಟೋ ಹೊತ್ತು ಕುಳಿತೆ.

ಹಾಜಿರಾಬಿಯ ಚೀರಾಟ ಕೇಳಿ ಒಳಗೆ ಓಡಿದೆ. ಅವಳು ಎಷ್ಟು ಅಲುಗಿಸಿದರೂ ಸಿದ್ದಲಿಂಗವ್ವ ಏಳುತ್ತಿರಲಿಲ್ಲ.

"ಅಣ್ಣಾ, ಅಕ್ಕ ಉಂಡಿದ್ಲೋ ಇಲ್ಲೋ?"

"ಇಲ್ಲವ್ವಾ."

ನನ್ನ ಜನ್ಮದಲ್ಲಿ ಅಷ್ಟು ಸಣ್ಣ ಮಾತು ಆಡಿರಲಿಲ್ಲ.

ಡಾಕ್ಟರು ಗ್ಲೂಕೋಸ್ ಏರಿಸಿದರು. ನಾಲ್ಕನೇ ದಿನಕ್ಕೆ ಕಣ್ಣು ಬಿಟ್ಟಳು. "ನಾ ಸಕ್ಕರಿ ನೋಡಬೇಕಿತ್ತು ಕಾಕಾ, ಅವರನ್ನ ಕೇಳಬೇಕಿತ್ತು," ಎಂದು ಶೈಲಾ ಸಿಸ್ಟರ್ ಅತ್ತರು. ಅವರನ್ನು ಬೈಯಲು ನನಗೆ ಬಾಯಿ ಎಲ್ಲಿತ್ತು?

ಜೀವ ಉಳಿಯಿತು. ಆದರೆ ಸಕ್ಕರೆ ಅಷ್ಟು ಹೊತ್ತು ಇಳಿದಿದ್ದರಿಂದ ಮಿದುಳಿಗೆ ಪೆಟ್ಟು ಬಿತ್ತು. ಈಗ ಸಿದ್ದಲಿಂಗವ್ವ ಒಲೆ ಹಚ್ಚಿ, ಯಾಕೆ ಹಚ್ಚಿದೆನೆಂದು ಕೇಳುತ್ತಾಳೆ. ಮಗಳು ಕಾಂಚನಾ ಬಂದರೆ, "ಯಾರ ಪೈಕಿ ಅವ್ವಾ ನೀ?" ಎನ್ನುತ್ತಾಳೆ. ಕಾಂಚನಾ ಪ್ರತಿಸಲ ಹೆಸರು ಹೇಳುತ್ತಾಳೆ. ಮೊದಲು ಊಟ ಬಡಿಸಿಟ್ಟು, ಸಕ್ಕರೆ ನೋಡಿಯೇ ಸೂಜಿ ಮುಟ್ಟುತ್ತಾಳೆ, ಕೂಡಲೇ ಉಣ್ಣಿಸುತ್ತಾಳೆ.

ಅಕ್ಕಗಳಿರಾ, ಅಣ್ಣಗಳಿರಾ, ಎಮ್ಮೆಯ ಮಾತು ನಂಬಬೇಡಿ, ಇದನ್ನು ನಂಬಿ. ಉಪವಾಸವಿದ್ದರೆ ಆಸ್ಪತ್ರೆಯಲ್ಲಿ ಹೇಳಿ, ಬೈದರೆ ಬೈಸಿಕೊಳ್ಳಿ. ಯಾವ ಔಷಧ, ಎಷ್ಟು ಎಂದು ಕೇಳಿ. ಇನ್ಸುಲಿನ್ ಆದರೆ ಸಕ್ಕರೆ ನೋಡಿದಿರಾ ಎಂದೂ ಕೇಳಿ. ಬೆವರು, ನಡುಕ, ತಪ್ಪು ತಪ್ಪು ಮಾತು ಕಂಡರೆ ಆ ಕ್ಷಣವೇ ಕೂಗಿ ಕರೆಯಿರಿ. ಸಿಸ್ಟರ್ ತಂಗಿಯರೇ, ಎಷ್ಟೇ ಗಡಿಬಿಡಿ ಇರಲಿ, ಮಂಚದ ಮೇಲಿರುವವರನ್ನೇ ಕೇಳಿ. ಪಕ್ಕದಲ್ಲಿ ನನ್ನಂಥವನು ಕುಳಿತಿರುತ್ತಾನೆ.