ಪೆಟ್ಟಿಗೆಯಲ್ಲಿಟ್ಟ ಸಮವಸ್ತ್ರ

ಮಕ್ಕಳ ರಕ್ಷಣಾ ಕಚೇರಿಯ ಶಾಂತಕುಮಾರಿ ಜೀಪಿನಿಂದ ಇಳಿದಾಗ ಕರಿಯಕ್ಕ ಕುರಿಹಟ್ಟಿಯಲ್ಲಿ ಹಿಕ್ಕೆ ಗುಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬರ್ರಿ ಮೇಡಂ. ಈ ಸಲ ಯಾವ ದೇಶದೋರು?"

"ನಾರ್ವೆ ಅಂತ. ಮಕ್ಕಳ ರಕ್ಷಣೆ ಕೆಲಸ ಮಾಡೋರು. ಅವರು ನಮ್ಮ ಕೆಲಸ ನೋಡ್ತಾರ, ಆಮ್ಯಾಲೆ ನಮ್ಮೋರು ಇಬ್ಬರು ಅಲ್ಲಿಗೆ ಹೋಗ್ತಾರ."

"ನೀವೂ ಹೊಂಟೀರೇನು?"

ಶಾಂತಕುಮಾರಿ ಕೈಯಲ್ಲಿದ್ದ ಫೈಲನ್ನು ಕಂಕುಳಿಗೆ ಸೇರಿಸಿಕೊಂಡಳು. ನಾರ್ವೆಗೆ ಹೋಗುವವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ನಲವತ್ತೇಳನೆಯ ವಯಸ್ಸಿಗೆ ಮೊದಲ ಬಾರಿ ಪಾಸ್‌ಪೋರ್ಟ್ ಮಾಡಿಸಿ, ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟು, ದಿನಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದಳು. ಎರಡು ವರ್ಷದ ಹಿಂದೆ ಇದೇ ಅಂಗಳದ ಚಪ್ಪರದಡಿ ಕರಿಯಕ್ಕನ ಹದಿಮೂರರ ಮಗಳು ಸಂಗೀತಾಳ ಮದುವೆ ನಿಲ್ಲಿಸಿದ್ದು ಅವಳೇ. ಅಂದಿನಿಂದ ಯಾವ ಅತಿಥಿ ಬಂದರೂ ತಂಬ್ರಹಳ್ಳಿಯ ಈ ಹುಡುಗಿಯನ್ನೇ ಕರೆದೊಯ್ದು ಮಾತಾಡಿಸುವುದು ಕಚೇರಿಯ ರೂಢಿಯಾಗಿತ್ತು.

ಸಂಗೀತಾ ಸಮವಸ್ತ್ರ ತೊಟ್ಟು ಹೊರಬಂದಳು. ಗಿಡ್ಡವಾದ ತೋಳಿಗೆ ಬೇರೆ ನೀಲಿಯ ತುಂಡು ಜೋಡಿಸಲಾಗಿತ್ತು.

"ಸಾಲ್ಯಾಗ ಹೊಸದು ಕೊಡಲಿಲ್ಲೇನು?" ಶಾಂತಕುಮಾರಿ ಕೇಳಿದಳು.

"ಸಾಲಿಗೆ ಹೋದ್ರಲ್ಲೇನ್ರಿ ಕೊಡೋದು?" ಕರಿಯಕ್ಕ ಪೊರಕೆ ಕೆಳಗಿಟ್ಟಳು. "ಮದುವಿ ಮುರಿದ ಹುಡುಗಿ ಅಂತ ಬಸ್ಸಿನಾಗ ಆಡಿಕೊಂಡ್ರು. ಅವತ್ತಿಂದ ಅವರಪ್ಪನ ಕೂಡ ಕುರಿ ಹಿಂದ ಹೋಗ್ತಾಳ. ಈ ಬಟ್ಟಿ ಪೆಟ್ಟಿಗ್ಯಾಗ ಇರ್ತೈತಿ, ನೀವು ಬಂದಾಗ ಹೊರಗ ಬರ್ತೈತಿ. ನಿಲ್ಲಿಸಿದ್ದು ತಪ್ಪು ಅನ್ನಂಗಿಲ್ಲ ನಾನು. ನನ್ನೂ ಅದೇ ವಯಸ್ಸಿಗೆ ಕೊಟ್ಟಿದ್ರು. ಆದ್ರ ನಿಲ್ಲಿಸಿ ಹೋದ ಮ್ಯಾಲೆ ಆಕಿ ಹೆಂಗದಾಳ ಅಂತ ಕೇಳಾಕ ಯಾರು ಬಂದ್ರಿ?"

ಶಾಂತಕುಮಾರಿಯ ಕಂಕುಳಲ್ಲಿ ಫೈಲು ಇತ್ತು. 'ಮನೆಗೆ ಭೇಟಿ ನೀಡಲಾಯಿತು. ಬಾಲಕಿ ಶಾಲೆಗೆ ಹೋಗುತ್ತಿದ್ದಾಳೆ.' ಇಪ್ಪತ್ತನಾಲ್ಕು ತಿಂಗಳು ಅದೇ ಎರಡು ಸಾಲು, ಅವಳೇ ಕಚೇರಿಯ ಮೇಜಿನ ಮುಂದೆ ಕೂತು ಬರೆದದ್ದು.

"ಮೇಡಂ, ಈ ಸಲ ಪೊಲೀಸ್ ಆಗ್ತೀನಿ ಅನ್ನಲೇನ್ರಿ?" ಸಂಗೀತಾ ಕೇಳಿದಳು. "ಹೋದ ಸಲ ಟೀಚರ್ ಅಂದಿದ್ದೆ."

"ನೀನು ಬರೋದು ಬ್ಯಾಡವ್ವ," ಎಂದಳು ಶಾಂತಕುಮಾರಿ. ಜೀಪು ಹುಡುಗಿಯಿಲ್ಲದೆ ಹಿಂದಿರುಗಿತು.

ವಿಷಯ ತಿಳಿದ ಮೇಲಧಿಕಾರಿ ಭೀಮರಾಜ ಸಭೆಯ ಬಾಗಿಲಲ್ಲೇ ಅವಳನ್ನು ತಡೆದರು. "ಹುಡುಗಿಗೆ ಜ್ವರ ಅಂತ ಹೇಳ್ರಿ, ಮುಗೀತು. ಎಂಬತ್ತು ಹಳ್ಳಿಗೆ ನಾವು ಇಬ್ಬರು. ಯಾರ ಮನಿಗಂತ ಹೋಗೋದು? ಪಟ್ಟಿಯಾಗಿರೋ ನಿಮ್ಮ ಹೆಸರಿಗೆ ನೀವೇ ಕಲ್ಲು ಹಾಕ್ಕೋಬ್ಯಾಡ್ರಿ."

ಅವರು ಹೇಳಿದ್ದೂ ಸುಳ್ಳಲ್ಲ. ಆದರೂ ಅವಳು ಅತಿಥಿಗಳ ಮುಂದೆ ಫೈಲು ಬಿಚ್ಚಿ, ನಡೆದದ್ದನ್ನೆಲ್ಲ ಹೇಳಿದಳು. ಅನುವಾದಕ ಅರ್ಧಕ್ಕೆ ತಡವರಿಸಿ ಭೀಮರಾಜರ ಮುಖ ನೋಡಿದ. ಅತಿಥಿಗಳಲ್ಲಿ ಹಿರಿಯ ಹೆಂಗಸೊಬ್ಬಳು ಕನ್ನಡಕ ತೆಗೆದು, ತಮ್ಮಲ್ಲೂ ಇಂಥ ಫೈಲುಗಳಿವೆ ಎಂದಳು. ವಾರದೊಳಗೆ ಪಟ್ಟಿಯಲ್ಲಿ ಶಾಂತಕುಮಾರಿಯ ಜಾಗಕ್ಕೆ ಬೇರೆ ಹೆಸರು ಬಂತು.

ಆ ಭಾನುವಾರ ಅವಳು ಬಸ್ಸಿನಲ್ಲಿ ತಂಬ್ರಹಳ್ಳಿಗೆ ಹೋದಳು. ಕೈಯಲ್ಲಿ ಫೈಲು ಇರಲಿಲ್ಲ. ಅವಳನ್ನು ಕಂಡಕೂಡಲೇ ಸಂಗೀತಾ ಒಳಗೆ ಹೋಗಿ ಪೆಟ್ಟಿಗೆ ತೆರೆದಳು.

"ಬ್ಯಾಡವ್ವ. ಇವತ್ತು ಯಾರೂ ಬಂದಿಲ್ಲ."

ಹುಡುಗಿ ಮುಚ್ಚಳ ಹಿಡಿದೇ ನಿಂತಳು. "ಮತ್ತ ನೀವು ಯಾಕ ಬಂದ್ರಿ?"

ಶಾಂತಕುಮಾರಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕುಳಿತಳು. ಎರಡು ವರ್ಷದಲ್ಲಿ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು.