ಪುಸ್ತಕದಲ್ಲಿ ದೊಡ್ಡವರಿಲ್ಲ

ಆ ಪುಸ್ತಕ ನನಗೆ ಸೇರಲಿಲ್ಲ, ಆದರೂ ಎರಡು ಸಲ ಓದಿದೆ. ನನ್ನ ತಮ್ಮ ಪಂಢರಿಯ ಮಗಳು ಅಂಜನಾ ಅದನ್ನು ಶಾಲೆಯ ಕಪಾಟಿನಿಂದ ತಂದಿದ್ದಳು. ಒಂಬತ್ತನೆಯ ತರಗತಿ. ಚಿಂತಾಕಿಯಲ್ಲಿರುವ ಅವಳ ಅಪ್ಪ-ಅವ್ವ ಪ್ರತಿ ವರ್ಷ ದಸರೆ ಮುಗಿಸಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಾರೆ; ಅವಳು ಬೀದರಿನ ಚಿದ್ರಿಯಲ್ಲಿ ನನ್ನ ಹತ್ತಿರ ಇದ್ದು ಓದುತ್ತಾಳೆ. ನಾನು ಬಟ್ಟೆ ಹೊಲಿಯುತ್ತೇನೆ. ಮಳೆ ಕೈಕೊಟ್ಟ ವರ್ಷ ಯಾರೂ ಹೊಸ ಬಟ್ಟೆ ಹೊಲಿಸುವುದಿಲ್ಲ, ಹಾಗಾಗಿ ಓದಲು ಪುರುಸೊತ್ತು ಧಾರಾಳವಾಗಿತ್ತು.

ಕಥೆ ಇಷ್ಟು. ಒಂದು ರಾಜ್ಯದಲ್ಲಿ ನದಿಗಳೆಲ್ಲ ಮಾಯವಾಗುತ್ತವೆ. ಹದಿನಾಲ್ಕರ ಹುಡುಗಿಯೊಬ್ಬಳು ಕತ್ತಿ ಹಿಡಿದು, ನೀಲಿ ರೆಕ್ಕೆಯ ತೋಳದ ಮೇಲೆ ಕೂತು ಅವನ್ನು ಹುಡುಕಿ ತರಲು ಹೊರಡುತ್ತಾಳೆ. ಸರಿ, ಹೊರಡಲಿ. ಆದರೆ ದೊಡ್ಡವರೆಲ್ಲ ಎಲ್ಲಿ? ಅಪ್ಪ ಮೊದಲನೇ ಅಧ್ಯಾಯದಲ್ಲೇ ಕಲ್ಲಾಗುತ್ತಾನೆ, ಅವ್ವ ಶಾಪ ತಗುಲಿ ನಿದ್ದೆ ಹೋಗುತ್ತಾಳೆ, ಗುರು ಅರ್ಧ ದಾರಿಯಲ್ಲಿ ಸಾಯುತ್ತಾನೆ. ಬರೆದವರಿಗೆ ನಮ್ಮಂಥವರ ಮೇಲೆ ಏನು ಸಿಟ್ಟೋ. ಹುಡುಗಿಗೆ ಒಮ್ಮೆಯೂ ಕಾಲು ನೋಯುವುದಿಲ್ಲ. ಅಡುಗೆ ಯಾರು ಮಾಡುತ್ತಾರೆಂಬ ಮಾತೇ ಇಲ್ಲ. ಹೀಗೆಲ್ಲ ಬೈದುಕೊಂಡು ಓದಿದವಳು, ಆ ತೋಳ ಗಾಯಗೊಂಡು ಬಿದ್ದಾಗ ಮಷಿನ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನನಗೇ ನಾಚಿಕೆಯಾಯಿತು.

ಅಂಜನಾಳಿಗೆ ಯಾವ ತಕರಾರೂ ಇರಲಿಲ್ಲ. "ಅತ್ತಿ, ಆಕಿ ಹೋಗಲಿಲ್ಲಂದ್ರ ಊರು ಉಳೀತಿರಲಿಲ್ಲ," ಎನ್ನುತ್ತಿದ್ದಳು.

ದಸರೆಗೆ ಮುಂಚೆ ಪಂಢರಿ ಬಂದ. ಚಹಾ ಮುಗಿದ ಮೇಲೂ ಖಾಲಿ ಕಪ್ಪು ತಿರುಗಿಸುತ್ತ ಕೂತ. ಅವನ ಹೆಂಡತಿಗೆ ಸೊಂಟ ಹಿಡಿದಿತ್ತು, ಬಗ್ಗಲು ಆಗುತ್ತಿರಲಿಲ್ಲ. ಕಬ್ಬಿಗೆ ಹೋಗುವವರನ್ನು ನಮ್ಮಲ್ಲಿ ಒಬ್ಬೊಬ್ಬರಾಗಿ ಎಣಿಸುವುದಿಲ್ಲ. ಗಂಡಸು ಕಡಿಯಬೇಕು, ಹೆಂಗಸು ಹೊರೆ ಕಟ್ಟಿ ಹೊರಬೇಕು. ಇಬ್ಬರೂ ಸೇರಿದರೆ ಒಂದು ಕೊಯ್ತಾ. ಆಳುಗಳನ್ನು ಒಯ್ಯುವ ಮುಕಾದಮ ಅರ್ಧ ಕೊಯ್ತಾವನ್ನು ಲಾರಿ ಹತ್ತಿಸುವುದಿಲ್ಲ. ನನ್ನ ಗಂಡ ತೀರಿಹೋದ ವರ್ಷ ನನ್ನನ್ನೂ ಹತ್ತಿಸಿರಲಿಲ್ಲ. ಆಗ ಎಲ್ಲರೆದುರು ಅತ್ತರೂ, ಇನ್ನು ಕಬ್ಬಿನ ಮುಖ ನೋಡಬೇಕಿಲ್ಲವೆಂದು ಒಳಗೊಳಗೇ ಹಗುರಾಗಿದ್ದೆ.

"ಅಂಜನಾಗ ಕರ್ಕೊಂಡು ಹೋಗ್ತೇನಿ ಅಕ್ಕ," ಎಂದ ಪಂಢರಿ. "ಈ ಒಂದು ವರ್ಷ ಅಷ್ಟ."

"ಸಾಲಿ?"

"ಬಂದ ಮ್ಯಾಲ ನೋಡಾಮು."

ಹಾಗೆ ಹೋಗಿ ಬಂದು ಮತ್ತೆ ಶಾಲೆ ಸೇರಿದ ಹುಡುಗಿಯನ್ನು ನಾನು ಈವರೆಗೆ ಕಂಡಿಲ್ಲ. ಮುಂದಿನ ವರ್ಷ ಅವಳಿಗೊಬ್ಬ ಗಂಡನನ್ನು ಹುಡುಕಿ ಇನ್ನೊಂದು ಕೊಯ್ತಾ ಮಾಡಿಬಿಡುತ್ತಾರೆ. ಅದನ್ನೇ ಹೇಳಿ ಜಗಳ ತೆಗೆಯಬೇಕೆನ್ನುವಷ್ಟರಲ್ಲಿ ಅಂಜನಾ ಒಳಗಿನಿಂದ ಬಂದಳು. ಬಟ್ಟೆಯ ಚೀಲ ಆಗಲೇ ಕೈಯಲ್ಲಿತ್ತು. ಮುಖದಲ್ಲಿ ಹಬ್ಬದ ಕಳೆ.

"ನಾ ಹೋಗ್ತೇನಿ ಅತ್ತಿ. ನಾ ಹೋಗಲಿಲ್ಲಂದ್ರ ಮನಿ ಹ್ಯಾಂಗ ನಡೀತದ?"

ಆ ಧೈರ್ಯ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತಿತ್ತು. ಪುಸ್ತಕವನ್ನು ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಶಾಲೆಯದು, ಹಾಕಲಿಲ್ಲ.

ಪಂಢರಿಯನ್ನು ನೋಡಿದೆ. ಮಗಳು ತಾನಾಗಿ ಹೊರಟಿದ್ದು ಅವನಿಗೆ ಸಮಾಧಾನ ತಂದಿತ್ತು, ಆ ಸಮಾಧಾನಕ್ಕೆ ನಾಚಿ ತಲೆ ತಗ್ಗಿಸಿದ್ದ. ಬೈಯಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ಬರಗಾಲ, ಲಾರಿ, ಮುಕಾದಮ, ಎಲ್ಲ ಸಾಕಾಗಿ ಹೋಗಿತ್ತು.

"ಆಕಿ ಬ್ಯಾಡ. ನಾ ಬರ್ತೇನಿ," ಎಂದೆ. "ನಿನ್ನ ಹೆಂಡ್ತಿಗಿ ಇಲ್ಲಿ ಕಳಸು, ಮಗಳ ಸಂಗಟ ಇರ್ಲಿ."

"ನಿನಗ ಆಗ್ತದೇನಕ್ಕ?"

"ಆಗಂಗಿಲ್ಲ. ಬರ್ತೇನಿ."

ಅಂಜನಾ ಚೀಲವನ್ನು ನೆಲಕ್ಕೆ ಬಿಟ್ಟಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆಂದು ಕಾದೆ.

"ನನಗ ಕರಿಲಿಕ್ಕ ಬಂದಿದ್ರು," ಎಂದಳು. "ನಿನಗ ಯಾರು ಕರ್ದಾರ?"

ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆಮೇಲೆ ನನ್ನೊಂದಿಗೆ ಮಾತು ಬಿಟ್ಟಳು. ದಸರೆ ಮುಗಿದು, ಚಿಂತಾಕಿ ಹತ್ತಿರದ ಔರಾದಿನಿಂದ ಲಾರಿ ಹೊರಟ ಬೆಳಿಗ್ಗೆ ಕಳಿಸಲೂ ಬರಲಿಲ್ಲ, ಶಾಲೆಗೆ ಹೋಗಿದ್ದಳು.